ಸೆವ್ವಾಯ್ ಲೋಕದ ಭಾಷೆ

ರಾಜಾಮಣಿ ಮಂಗಳ ಗ್ರಹದ ರಾಣಿಯಾದದ್ದು ರೂಪದಿಂದಲ್ಲ, ಗಂಟಲಿನಿಂದ. ಮಿಲ್ಲಿನಲ್ಲಿ ನೂಲು ಸುತ್ತುವ ರೀಲಿಂಗ್ ಖಾತೆಯ ಗದ್ದಲದಲ್ಲಿ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯವಳು ತಿರುಗಿ ನೋಡಬೇಕು, ಅಂಥ ಗಂಟಲು. ಮೈಕು ಕೈಕೊಟ್ಟರೂ ನಾಟಕ ನಿಲ್ಲಬಾರದಲ್ಲ. ಅದಕ್ಕೇ ಲೇಬರ್ ಆಫೀಸರ್ ವ್ಯಾಸರಾಯರು ಅವಳನ್ನು ಆರಿಸಿದರು.

ಕೊಯಮತ್ತೂರಿನ ಬಳಿ ಪೆರಿಯನಾಯಕನಪಾಳ್ಯದ ಆ ಮಿಲ್ಲಿನಲ್ಲಿ ಪ್ರತಿ ಜನವರಿಗೆ ಒಂದು ವಿಳಾ, ಹಬ್ಬದಂಥದ್ದು. ಮುದಲಾಳಿ, ಅಂದರೆ ಮಿಲ್ಲಿನ ಧಣಿ, ಬಂದು ಮಾಲೆ ಹಾಕಿಸಿಕೊಳ್ಳುತ್ತಾರೆ. ಕೆಲಸದವರಿಗೆ ಒಂದೊಂದು ಲಡ್ಡು, ಒಂದು ಹಿಡಿ ಖಾರಾಬೂಂದಿ. ಆಮೇಲೆ ನಾಟಕ. ಎಂದೂ ಪುರಾಣದ ನಾಟಕವೇ. ಆದರೆ ಆ ವರ್ಷ ರಷ್ಯಾದವರು ಆಕಾಶಕ್ಕೆ ಚೆಂಡು ಹಾರಿಸಿದ್ದರು, ಅದರ ಬೆನ್ನಿಗೇ ಒಂದು ನಾಯಿಯನ್ನೂ ಕಳಿಸಿದ್ದರು. ವ್ಯಾಸರಾಯರು ಇಂಗ್ಲಿಷ್ ಕಥೆಪುಸ್ತಕ ಓದುವವರು. ಬೇರೆ ಗ್ರಹಕ್ಕೆ ಹಾರಿ, ಬಾವುಟ ನೆಟ್ಟು, ಅಲ್ಲಿಯವರಿಗೆ ಬುದ್ಧಿ ಕಲಿಸಿ, ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಬರುವ ಕಥೆಗಳು. ಅಂಥದೊಂದನ್ನು ತಾವೇ ತಮಿಳಿನಲ್ಲಿ ಬರೆದರು. ಕ್ಯಾಪ್ಟನ್ ಪಾತ್ರವನ್ನೂ ತಾವೇ ಇಟ್ಟುಕೊಂಡರು. ಬಡಿಸುವವನೇ ಉಣ್ಣಲು ಕೂತರೆ ಎಲೆಯಲ್ಲಿ ಏನು ಕಮ್ಮಿಯಾದೀತು.

ನಾಟಕದ ಹೆಸರು ‘ಸೆವ್ವಾಯ್ ಪಯಣಂ’. ತಮಿಳಿನಲ್ಲಿ ಸೆವ್ವಾಯ್ ಎಂದರೆ ಮಂಗಳ ಗ್ರಹ. ಮಂಗಳವಾರವೂ ಅದೇ. ಬಿಡಿಸಿ ಓದಿದರೆ ಕೆಂಪು ಬಾಯಿ. ರೀಲಿಂಗ್ ಹೆಂಗಸರಿಗೆ ಗ್ರಹ ಹೊಳೆಯಲಿಲ್ಲ, ವಾರ ಹೊಳೆಯಿತು.

“ಸೆವ್ವಾಯಿಗೆ ಹೋಗೋಕೆ ವಿಮಾನ ಯಾಕೆ ಸಾರ್? ಸೋಮವಾರ ರಾತ್ರಿ ಮಲಗಿ ಎದ್ರೆ ಬಂದ್‌ಬಿಡ್ತದಲ್ಲ” ಎಂದಳು ರಾಜಾಮಣಿ.

ಹೆಂಗಸರೆಲ್ಲ ನಕ್ಕರು. ವ್ಯಾಸರಾಯರೂ ನಕ್ಕು, ಮಿಲ್ಲಿನಲ್ಲಿ ಎಲ್ಲರೂ ಆಡುವ ತಮಿಳಿನಲ್ಲೇ ವಿವರಿಸಿದರು. ಅಲ್ಲಿ ಒಂದು ಜನ ಇದೆ. ಮುಗ್ಧರು. ಬಟ್ಟೆ ಕಾಣದವರು. ನಾವು ಹೋಗಿ ಬಟ್ಟೆ ಕೊಡುತ್ತೇವೆ, ಅವರು ಕೆಂಪು ಕಲ್ಲು ಕೊಡುತ್ತಾರೆ. ಕಲ್ಲಿನೊಳಗೆ ತಾಮ್ರ ಇರುತ್ತದೆ.

“ಬನ್ನಿ ಅಂತ ಅವ್ರು ಹೇಳಿಕಳಿಸಿದ್ರಾ ಸಾರ್?”

“ಅವರಿಗೇನು ತಿಳಿಯುತ್ತಮ್ಮ, ಪಾಪ.”

“ಬಟ್ಟೆ ಬೇಕು ಅಂತ ಕೇಳಿದ್ರಾ?”

“ಕೇಳೋದಕ್ಕೂ ತಿಳಿವಳಿಕೆ ಬೇಕಲ್ಲ.”

ವ್ಯಾಸರಾಯರು ನಲವತ್ತೆರಡರಲ್ಲಿ ಕಾಲೇಜು ಬಿಟ್ಟು, ಬಿಳಿಯರೇ ತೊಲಗಿ ಎಂದು ಕೂಗಿ, ಜೈಲು ನೋಡಿ ಬಂದವರು. ಪ್ರತಿ ಆಗಸ್ಟ್ ಹದಿನೈದಕ್ಕೆ ಬಾವುಟದ ಕೆಳಗೆ ನಿಂತು ಆ ಕಥೆ ಹೇಳುತ್ತಿದ್ದರು. ಕೇಳಿ ಕೇಳಿ ರಾಜಾಮಣಿಗೆ ಬಾಯಿಪಾಠ ಆಗಿತ್ತು.

“ದೊರೆಗಳನ್ನ ಮೊನ್ನೆ ತಾನೆ ಓಡಿಸಿದ್ರಿ. ಈಗ ಅವ್ರ ಟೋಪಿ ನೀವು ಹಾಕ್ಕೊಂಡು ಹೊರಟ್ರಾ ಸಾರ್” ಎಂದಳು.

ಅದಕ್ಕೂ ಅವರು ನಕ್ಕರು. ಅವರು ಕೆಟ್ಟ ಮನುಷ್ಯರಲ್ಲ. ಯಾರು ಏನು ಹೇಳಿದರೂ ತಮಾಷೆ ಎಂದುಕೊಳ್ಳುತ್ತಿದ್ದರು, ಅಷ್ಟೇ.

ಇನ್ನು ಗೇಟಿನ ಮಾತು. ಅದನ್ನು ಹೇಳದೆ ಈ ಕಥೆ ಮುಂದೆ ನಡೆಯುವುದಿಲ್ಲ. ಸಂಜೆ ಮಿಲ್ಲಿನ ಸಂಗು, ಕೆಲಸ ಮುಗಿಯುವ ಸೈರನ್, ಊದಿದ ಕೂಡಲೇ ಗಂಡಸರು ಅಂಗಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆಯುತ್ತಾರೆ. ಕಾವಲುಗಾರ ಅವರ ಟಿಫಿನ್ ಡಬ್ಬಿ ಅಲ್ಲಾಡಿಸಿ ನೋಡಿ ಬಿಡುತ್ತಾನೆ. ಹೆಂಗಸರು ಮಾತ್ರ ಎಡಗಡೆಯ ತಗಡಿನ ಶೆಡ್ಡಿಗೆ ಹೋಗಬೇಕು. ಬೆಳಗಿನಿಂದ ನಿಂತು ನಿಂತು ಕಾಲು ಊದಿರುತ್ತದೆ. ಕಡಿದ ನೂಲಿಗೆ ಗಂಟು ಹಾಕಿ ಹಾಕಿ ಬೆರಳ ತುದಿ ಸೀಳಿರುತ್ತದೆ. ಕೆಮ್ಮಿದರೆ ಹತ್ತಿ ಬರುತ್ತದೆ. ಆ ಮೈಯನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು ಕಾಯಬೇಕು. ಒಳಗೆ ಕಾಮಾಕ್ಷಿಯಮ್ಮ ಎಂಬ ಸೋದನೆಯ ಹೆಂಗಸು ಕೂತಿರುತ್ತಾಳೆ. “ಕೈ ತೂಕ್ಕು” ಎನ್ನುತ್ತಾಳೆ. ಕೈ ಎತ್ತು. ಎತ್ತಬೇಕು. ಅವಳು ಸೆರಗು ಜಾಡಿಸುತ್ತಾಳೆ, ಕುಪ್ಪಸದೊಳಗೆ ಕೈ ಹಾಕುತ್ತಾಳೆ, ತುರುಬು ಬಿಚ್ಚುತ್ತಾಳೆ, ಸೀರೆ ಸಡಿಲಿಸಿ ತೊಡೆ ತಡವುತ್ತಾಳೆ. ನೂಲು ಕದ್ದು ಒಯ್ಯುತ್ತಾರಂತೆ. ಶೆಡ್ಡಿಗೆ ಬಾಗಿಲಿಲ್ಲ, ಒಂದು ಗೋಣಿಪರದೆ. ಗಾಳಿ ಬಂದರೆ ಪರದೆ ಹಾರುತ್ತದೆ. ಗಾಳಿ ಬರದ ದಿನ ಕಾವಲುಗಾರನ ಕೋಲು ತಗುಲಿ ಹಾರುತ್ತದೆ.

ತಿಂಗಳ ದಿನಗಳಲ್ಲೂ ಬಿಡುವುದಿಲ್ಲ. ಚಂದ್ರಾ ಎಂಬ ಹುಡುಗಿ, ರಾಜಾಮಣಿಯ ಬೀದಿಯವಳೇ, ಹೊಸದಾಗಿ ಸೇರಿದ್ದಳು. ಒಂದು ಸಂಜೆ ಅವಳ ಒಳಬಟ್ಟೆ ಬಿಚ್ಚಿಸಿ, ಕೊಡವಿ ನೋಡಿದರು. ಆ ದಿನದಿಂದ ಅವಳು ಮಧ್ಯಾಹ್ನ ಊಟ ಬಿಟ್ಟಳು. ನಗುತ್ತಿದ್ದವಳು ನಗು ಬಿಟ್ಟಳು.

ರಾಜಾಮಣಿ ವ್ಯಾಸರಾಯರ ಮುಂದೆ ಹೋಗಿ ನಿಂತಿದ್ದಳು. ಅಲ್ಲಿ ಅವಳಿಗೊಂದು ಆಸೆಯಿತ್ತು. ಅವಳದು ನೇಕಾರರ ಮನೆ. ಗಂಡ ಮುತ್ತುಸಾಮಿಗೆ ಮಗ್ಗ. ಅವಳು ಮಿಲ್ಲಿನಲ್ಲಿ ಸುತ್ತುವ ನೂಲು ಅವನ ಮಗ್ಗಕ್ಕೆ ಸಿಗುತ್ತಿರಲಿಲ್ಲ, ಒಂದು ದಿನ ಓಡಿದರೆ ಎರಡು ದಿನ ನಿಲ್ಲುತ್ತಿತ್ತು. ಮನೆಯಲ್ಲಿ, ಬೀದಿಯಲ್ಲಿ ಆಡುವುದು ಕನ್ನಡ. ಅಕ್ಷರ ಕಂಡವರಿಲ್ಲ, ಮಾತು ಮಾತ್ರ ತಾತನ ಕಾಲದಿಂದ ಬಂದದ್ದು. ವ್ಯಾಸರಾಯರೂ ಕನ್ನಡದವರೇ ಎಂದು ಅವಳಿಗೆ ಗೊತ್ತಿತ್ತು. ಒಮ್ಮೆ ಅವರ ಹೆಂಡತಿ ವನಮಾಲಾ ಕೊಯಮತ್ತೂರಿನಿಂದ ಕಾರಿನಲ್ಲಿ ಬಂದಾಗ, “ಬಿಸಿಲಲ್ಲಿ ಯಾಕೆ ಬಂದೆ” ಎಂದು ಅವರು ಕೇಳಿದ್ದನ್ನು ಇವಳು ಕಿವಿಯಾರೆ ಕೇಳಿದ್ದಳು. ನಮ್ಮ ಮಾತಿನವರು, ನಮ್ಮ ಮಾತಿನಲ್ಲೇ ಹೇಳಿದರೆ ಮುಟ್ಟೀತು ಎಂದುಕೊಂಡಳು.

“ಸಾರ್, ಹೆಂಗಸ್ರ ಮಾನ ಹೋಗ್ತದೆ ಸಾರ್ ಆ ಶೆಡ್ಡಲ್ಲಿ. ನೀವು ಕೊಂಜ ಹೇಳ್ಬೇಕು” ಎಂದಳು, ಕನ್ನಡದಲ್ಲಿ.

ಅವರು ಆಚೆಈಚೆ ನೋಡಿ ತಮಿಳಿನಲ್ಲಿ ಉತ್ತರ ಕೊಟ್ಟರು. “ಸೋದನೆ ಮಾಡೋದು ಹೆಂಗಸೇ ತಾನೇ. ಹೆಂಗಸಿಗೆ ಹೆಂಗಸಿನ ಹತ್ತಿರ ಏನು ನಾಚಿಕೆ?”

ಅವರು ಆ ಶೆಡ್ಡಿನೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಆದರೆ ರಾಜಾಮಣಿಗೆ ಹೆಚ್ಚು ಉರಿದದ್ದು ಉತ್ತರಕ್ಕಲ್ಲ, ಉತ್ತರ ಬಂದ ಭಾಷೆಗೆ.

ನಾಟಕದ ಅಭ್ಯಾಸ ಶುರುವಾಯಿತು. ಕ್ಯಾಪ್ಟನ್ ಇಳಿಯುತ್ತಾನೆ, ಬಾವುಟ ನೆಡುತ್ತಾನೆ. ರಾಣಿ ತನ್ನ ಭಾಷೆಯಲ್ಲಿ ಏನೋ ಹೇಳುತ್ತಾಳೆ. ಜೊತೆಯಲ್ಲಿ ಬಂದ ದುಭಾಷಿ ಅದನ್ನು ತಮಿಳಿಗೆ ತಿರುಗಿಸುತ್ತಾನೆ. ದುಭಾಷಿಯ ಪಾತ್ರ ಸೋಮಸುಂದರಂ ಎಂಬ ಟೈಂಕೀಪರಿಗೆ. ಅವನಿಗೆ ಬರೆದುಕೊಟ್ಟದ್ದು ನಾಲ್ಕು ಮಾತು. “ರಾಣಿ ಹೇಳುತ್ತಾಳೆ, ನೀವು ಬಂದದ್ದು ನಮ್ಮ ಭಾಗ್ಯ.” “ರಾಣಿ ಹೇಳುತ್ತಾಳೆ, ಕೈ ಎತ್ತಿ ನಮ್ಮನ್ನು ಆಶೀರ್ವದಿಸಿ.” ಕ್ಯಾಪ್ಟನ್ ಎರಡೂ ಕೈ ಎತ್ತಿ ಆಶೀರ್ವದಿಸುತ್ತಾನೆ. “ರಾಣಿ ಹೇಳುತ್ತಾಳೆ, ನಮ್ಮದೆಲ್ಲ ನಿಮ್ಮದೇ.” ರಾಣಿ ಕಾಲಿಗೆ ಬೀಳುತ್ತಾಳೆ. ಕ್ಯಾಪ್ಟನ್ ಅವಳಿಗೊಂದು ಸೀರೆ ಕೊಡುತ್ತಾನೆ. “ರಾಣಿ ಹೇಳುತ್ತಾಳೆ, ಸೀರೆಗೆ ವಂದನೆ.” ಅಲ್ಲಿಗೆ ಪರದೆ.

ತೊಡಕು ಬಂದದ್ದು ರಾಣಿಯ ಭಾಷೆಯಲ್ಲಿ. ವ್ಯಾಸರಾಯರು ಒಂದು ಗ್ರಹಭಾಷೆ ಕಟ್ಟಿದ್ದರು. ಕಿರ್ರ ಮುರ್ರ ಚೊಂಯ್ ಅಂತ ಏನೇನೋ. ಹೆಂಗಸರಿಗೆ ಅದು ಬಾಯಿಗೆ ಬರಲಿಲ್ಲ, ಬಂದರೆ ನಗು ತಡೆಯಲಾಗಲಿಲ್ಲ. ಚೊಂಯ್ ಎಂದರೆ ದೋಸೆ ಹುಯ್ದಂಗದೆ ಅಂತ ಒಬ್ಬಳು. ಆ ಗಲಾಟೆಯ ನಡುವೆ ಚಂದ್ರಾ ಜಾಗ ತಪ್ಪಿ ನಿಂತಳು.

“ಏ ಚಂದ್ರಾ, ಮರದಂಗೆ ಯಾಕೆ ನಿಂತಿದೀಯೆ? ಇತ್ಲಾಗ್ ಬಾ, ಬೇಗ್ನೆ” ಎಂದು ರಾಜಾಮಣಿ ಮನೆಮಾತಿನಲ್ಲಿ ಗದರಿದಳು.

ಸೋಮಸುಂದರಂ ಚಪ್ಪಾಳೆ ತಟ್ಟಿದ. ಅವನು ಅಪ್ಪಟ ತಮಿಳಿನವನು. “ಸಾರ್, ಇದೇ ಸಾರ್. ಇದೇ ಸೆವ್ವಾಯ್ ಭಾಷೆ. ಕೇಳೋಕೇ ಯಾವುದೋ ಗ್ರಹದ್ದಿದ್ದಂಗಿದೆ.”

ಅದು ನನ್ನ ತಾಯಿಭಾಷೆಯಪ್ಪ ಎನ್ನಲು ವ್ಯಾಸರಾಯರಿಗೆ ಒಂದು ಗಳಿಗೆ ಸಾಕಿತ್ತು. ಅವರು ನಕ್ಕುಬಿಟ್ಟರು.

“ಅದೇ ಇರಲಿ. ರಾಣಿ ಅದರಲ್ಲೇ ಏನಾದರೂ ಹೇಳಲಿ. ಯಾರಿಗೆ ತಿಳಿಯುತ್ತೆ.”

ರಾಜಾಮಣಿಯ ತಾಯಿ ಸತ್ತದ್ದು ಆ ಮಾತಿನಲ್ಲಿ, ನೀರು ಕೊಡೇ ಎಂದು ಕೇಳಿ. ಅವಳು ಹೆತ್ತದ್ದು ಆ ಮಾತಿನಲ್ಲಿ, ಅಯ್ಯೋ ಎಂದು ಕೂಗಿ. ಈಗ ಅದು ಲಡ್ಡು ತಿನ್ನುತ್ತಾ ನಗುವುದಕ್ಕೆ ಇಟ್ಟ ಭಾಷೆ. ಸಿಟ್ಟು ಬಂತು. ಆಮೇಲೆ, ಬೀದಿಗೆ ಬರುವ ಹೊತ್ತಿಗೆ, ಇನ್ನೊಂದು ಯೋಚನೆಯೂ ಬಂತು. ಏನಾದರೂ ಹೇಳಲಿ ಎಂದರಲ್ಲ. ಏನು ಬೇಕಾದರೂ ಹೇಳಬಹುದು. ದಾರಿಯಲ್ಲಿ ಒಬ್ಬಳೇ ನಕ್ಕಳು.

“ಏನಕ್ಕಾ?” ಎಂದಳು ಚಂದ್ರಾ.

“ಏನಿಲ್ಲ. ನಾನು ರಾಣಿ ಅಂತ ನೆಪ್ಪಾಯ್ತು.”

ಆದರೂ ಅಭ್ಯಾಸದಲ್ಲಿ ಅವಳು ಗಲಾಟೆ ಮಾಡಲಿಲ್ಲ. ಬನ್ನಿ, ಕೂತ್ಕೊಳಿ, ಮನೇಲಿ ಎಲ್ಲಾ ಚೆಂದಾಗವ್ರಾ ಅಂತ ಹೇಳಿ ಕಾಲಿಗೆ ಬಿದ್ದು ಏಳುತ್ತಿದ್ದಳು. ಕೆಲಸ ಹೋದರೆ ಮಗ್ಗ ಅನ್ನ ಹಾಕುವುದಿಲ್ಲ ಎಂಬುದು ರಾಣಿಗೂ ಗೊತ್ತಿತ್ತು.

ವಿಳಾ ಬಂದದ್ದು ಸೋಮವಾರ ಸಂಜೆ. ವೇದಿಕೆ ಗೇಟಿನ ಹೊರಗೆ, ಮೈದಾನದಲ್ಲಿ. ವೇಷ ಹಾಕಿಕೊಂಡದ್ದು ಗೇಟಿನ ಒಳಗೆ, ಉಗ್ರಾಣದಲ್ಲಿ. ಹೆಂಗಸರ ಸೀರೆ ಮೇಲೆ ಗೋಣಿಚೀಲ ಹೊದಿಸಿ, ಮುಖಕ್ಕೆ ಹಸಿರು ಬಳಿದರು. ಸೆವ್ವಾಯ್ ಅಂದರೆ ಕೆಂಪಲ್ಲವಾ, ಹಸಿರು ಯಾಕೆ ಎಂದರೆ ಪುಸ್ತಕದಲ್ಲಿ ಹಾಗಿದೆ ಎಂದರು ವ್ಯಾಸರಾಯರು. ರಾಣಿಗೆ ನೂಲು ಸುತ್ತುವ ಖಾಲಿ ಬಾಬಿನ್ ಪೋಣಿಸಿ ಕಿರೀಟ. ಕ್ಯಾಪ್ಟನ್ನಿಗೆ ಖಾಕಿ ಉಡುಪು, ತಲೆಗೆ ವನಮಾಲಾ ಅವರ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ, ಮುಖದ ತುಂಬ ಮಿಲ್ಲಿನ ಹತ್ತಿಯ ಬಿಳಿ ಗಡ್ಡ.

ಗೇಟಿನ ಹತ್ತಿರ ಬಂದರು. ಕ್ಯಾಪ್ಟನ್ನಿಗೂ ದುಭಾಷಿಗೂ ಕಾವಲುಗಾರ ಸಲಾಂ ಹೊಡೆದ. ಮಂಗಳ ಗ್ರಹದವರಿಗೆ ಕೋಲು ಅಡ್ಡ ಹಿಡಿದ.

“ಎಡಗಡೆ” ಎಂದ.

“ನಾಟಕಕ್ಕೆ ಹೊರಟವ್ರಪ್ಪಾ ನಾವು.”

“ಯಾವ ಲೋಕದವರಾದರೇನು. ಹೆಂಗಸರು ಎಡಗಡೆ.”

ರಾಜಾಮಣಿ ವ್ಯಾಸರಾಯರ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಅವರು ಗಡಿಯಾರ ನೋಡಿದರು. “ಬೇಗ ಮುಗಿಸಿ. ಮುದಲಾಳಿ ಬಂದು ಕೂತಿದ್ದಾರೆ” ಎಂದರು.

ಕಾಮಾಕ್ಷಿಯಮ್ಮ ತನ್ನ ಕೆಲಸ ತಾನು ಮಾಡಿದಳು. ರಾಣಿಯ ಕಿರೀಟ ಕಿತ್ತಿಟ್ಟುಕೊಂಡಳು, ಬಾಬಿನ್ ಮಿಲ್ಲಿನ ಸೊತ್ತು. ತುರುಬು ಬಿಚ್ಚಿದಳು. ಚಂದ್ರಾಳ ಸರದಿ ಬಂದಾಗ ಗೋಣಿ ಎತ್ತಿಸಿದಳು, ಅದರೊಳಗಿನ ಸೀರೆ ಸಡಿಲಿಸಿದಳು. ಆಗಲೇ ಪರದೆ ಹಾರಿತು. ಗಾಳಿ ಇರಲಿಲ್ಲ. ಹೊರಗೆ ಕಾವಲುಗಾರ ಯಾರಿಗೋ ಹೇಳಿದ, “ಸೆವ್ವಾಯ್ ಲೋಕದಲ್ಲೂ ನಮ್ಮೂರಿನ ಥರಾನೇ ಇದೆಯಪ್ಪಾ.” ಯಾರೋ ನಕ್ಕರು. ಚಂದ್ರಾ ಅಳಲಿಲ್ಲ, ಕಣ್ಣು ಮಾತ್ರ ತಾನೇ ಹರಿಯಿತು. ಹಸಿರು ಬಣ್ಣ ಕೆನ್ನೆಯಿಂದ ಕುತ್ತಿಗೆಗೆ ಇಳಿಯಿತು.

ರಾಜಾಮಣಿ ತನ್ನ ಸೆರಗಿನ ತುದಿಯಿಂದ ಅವಳ ಕುತ್ತಿಗೆ ಒರೆಸಿದಳು. ಸೊಂಟದ ಚೀಲದಿಂದ ಎಲೆಯಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಮಿಲ್ಲಿನಲ್ಲಿ ಎಲೆಯಡಿಕೆ ಹಾಕುವುದು ತಪ್ಪು. ಅದು ಅವಳಿಗೆ ನೆನಪಿತ್ತು.

ಮೈದಾನ ತುಂಬಿತ್ತು. ಮುಂದೆ ಕುರ್ಚಿಯಲ್ಲಿ ಮುದಲಾಳಿ, ಅವರ ನೆಂಟರು, ಆಫೀಸರರ ಮನೆಯವರು, ವನಮಾಲಾ. ಹಿಂದೆ ಚಾಪೆಯಲ್ಲಿ ಕೆಲಸದವರು. ಅದಕ್ಕೂ ಹಿಂದೆ ನೇಕಾರರ ಬೀದಿಗೆ ಬೀದಿಯೇ ಬಂದಿತ್ತು, ಮುತ್ತುಸಾಮಿಯೂ ಇದ್ದ. ವಿಮಾನ ಇಳಿಯಿತು. ಕ್ಯಾಪ್ಟನ್ ಬಾವುಟ ನೆಟ್ಟರು. ಮೈಕು ವೇದಿಕೆಯ ನಡುವೆ ನೇತಾಡುತ್ತಿತ್ತು. ಕಿರೀಟವಿಲ್ಲದ ರಾಣಿ, ಬಿಚ್ಚಿದ ತಲೆಯಲ್ಲಿ, ಕೆಂಪು ಬಾಯಿಯಲ್ಲಿ, ಅದರ ಮುಂದೆ ಬಂದು ನಿಂತಳು.

“ನಿಂತ್ಕೊಳಯ್ಯಾ” ಎಂದಳು, ಕನ್ನಡದಲ್ಲಿ. “ಯಾರ್ನ ಕೇಳಿ ಬಂದೆ? ಬಾಗಿಲಿಗೆ ಬಂದವ್ನು ಬರಲಾ ಅಂತ ಕೇಳಾಕಿಲ್ವಾ?”

“ರಾಣಿ ಹೇಳುತ್ತಾಳೆ, ನೀವು ಬಂದದ್ದು ನಮ್ಮ ಭಾಗ್ಯ” ಎಂದ ಸೋಮಸುಂದರಂ.

ಕೊನೆಯ ಸಾಲಿನಲ್ಲಿ ನೇಕಾರರ ಬೀದಿ ಗೊಳ್ಳೆಂದಿತು. ತಮಿಳಿನವರು ತಿರುಗಿ ನೋಡಿದರು, ಇವರಿಗೇನಾಯಿತು ಎಂದು. ವನಮಾಲಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕ್ಯಾಪ್ಟನ್ನಿನ ಗಡ್ಡ ಒಂದಿಷ್ಟು ಅಲುಗಿತು. ಅವರಿಗೆ ಒಂದೊಂದು ಅಕ್ಷರವೂ ಅರ್ಥವಾಗಿತ್ತು. ಅರ್ಥವಾಯಿತು ಎನ್ನುವಂತಿರಲಿಲ್ಲ. ಮಂಗಳ ಗ್ರಹದ ಭಾಷೆ ಭೂಮಿಯ ಕ್ಯಾಪ್ಟನ್ನಿಗೆ ಹೇಗೆ ಬಂದೀತು. ಅದೂ ಅದನ್ನು ಸೆವ್ವಾಯ್ ಭಾಷೆ ಎಂದು ತಾವೇ ಎಲ್ಲರೆದುರು ನಕ್ಕು ಒಪ್ಪಿಕೊಂಡ ಮೇಲೆ.

“ನಮ್ಮ ಲೋಕದಲ್ಲಿ ಒಂದು ಪದ್ಧತಿ ಅದೆ” ಎಂದಳು ರಾಣಿ. “ಬಂದವ್ರಿಗೆ ಸೋದನೆ. ಊಂ, ಕೈ ಎತ್ತು.”

“ರಾಣಿ ಹೇಳುತ್ತಾಳೆ, ಕೈ ಎತ್ತಿ ನಮ್ಮನ್ನು ಆಶೀರ್ವದಿಸಿ.”

ಮುದಲಾಳಿ ನೋಡುತ್ತಿದ್ದರು. ನಾಟಕ ಬರೆದವರೂ ವ್ಯಾಸರಾಯರೇ. ಎರಡೂ ಕೈ ಎತ್ತಿದರು.

ರಾಜಾಮಣಿ ಕಾಯಲಿಲ್ಲ. ಅವರ ಕಂಕುಳ ಕೆಳಗೆ ತಟ್ಟಿದಳು. ಜೇಬು ಹೊರಕ್ಕೆಳೆದಳು. ಕರವಸ್ತ್ರ ಕೊಡವಿದಳು. ಉಳಿದ ಹೆಂಗಸರು ಮೊದಲು ದಂಗಾಗಿ ನಿಂತು, ಆಮೇಲೆ ಸುತ್ತುವರಿದರು. ಒಬ್ಬಳು ತಲೆಯ ಪಾತ್ರೆ ತೆಗೆದು ಒಳಗೆ ಇಣುಕಿದಳು. ಒಬ್ಬಳು ಬೂಟು ಬಿಚ್ಚಿಸಿ ಮೂಸಿ ಮುಖ ತಿರುಗಿಸಿದಳು. ಈಗ ತಮಿಳಿನವರೂ ನಗುತ್ತಿದ್ದರು. ಕೈ ಎತ್ತು, ಸೆರಗು ಜಾಡಿಸು, ತಲೆ ತಡವು. ಈ ಆಟಕ್ಕೆ ದುಭಾಷಿ ಬೇಕಿರಲಿಲ್ಲ. ಚಾಪೆಯ ಮೇಲಿದ್ದ ರೀಲಿಂಗ್ ಹೆಂಗಸರಿಗೆ ಅದು ದಿನದ ಪಾಠ.

ಚಂದ್ರಾ ಮುಂದೆ ಬಂದಳು. ಬಂದವಳೇ ಕ್ಯಾಪ್ಟನ್ನಿನ ಗಡ್ಡಕ್ಕೆ ಕೈ ಹಾಕಿ ಎಳೆದಳು. ಹತ್ತಿ ಇಡಿಯಾಗಿ ಕೈಗೆ ಬಂತು. ಅದನ್ನು ಮೇಲೆತ್ತಿ, ತಮಿಳಿನಲ್ಲಿ, ಕೊನೆಯ ಸಾಲಿಗೂ ಕೇಳಿಸುವಂತೆ ಕೂಗಿದಳು. “ಮಿಲ್ ಹತ್ತಿ. ಗೇಟು ದಾಟಿ ಬಂದಿದೆ.”

ಆ ಹುಡುಗಿಗೆ ಅಷ್ಟು ಗಂಟಲಿದೆ ಎಂದು ರಾಜಾಮಣಿಗೂ ತಿಳಿದಿರಲಿಲ್ಲ.

ಮೈದಾನ ಎದ್ದು ಕುಣಿಯಿತು. ಸೋಮಸುಂದರಂ ಗಾಬರಿಯಲ್ಲಿ ಮುಂದಿನ ಮಾತು ಒಪ್ಪಿಸಿಬಿಟ್ಟ, “ರಾಣಿ ಹೇಳುತ್ತಾಳೆ, ನಮ್ಮದೆಲ್ಲ ನಿಮ್ಮದೇ.” ಇನ್ನೂ ನಗು. ವ್ಯಾಸರಾಯರು ಕೈ ಇಳಿಸಲೂ ಮರೆತು, ರಾಜಾಮಣಿಯ ಕಡೆ ಬಗ್ಗಿ, ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಬಿಡಮ್ಮಾ ಸಾಕು. ಮಾನ ಹೋಗುತ್ತೆ.”

ಪಿಸುಗುಟ್ಟಿದ್ದು ಮೈಕಿನ ಮುಂದೆ. ಪಿಸುಗುಟ್ಟಿದ್ದು ಕನ್ನಡದಲ್ಲಿ. ಕ್ಯಾಪ್ಟನ್ನಿನ ಬಾಯಲ್ಲಿ ಅಚ್ಚ ಸೆವ್ವಾಯ್ ಭಾಷೆ ಕೇಳಿ ಮೈದಾನ ಒಂದು ಗಳಿಗೆ ಬೆಪ್ಪಾಯಿತು. ಸೋಮಸುಂದರಂ ಇವರ ಮುಖ ಅವರ ಮುಖ ನೋಡಿದ. ಇದಕ್ಕೆ ಅವನ ಹತ್ತಿರ ಬರೆದ ಮಾತಿರಲಿಲ್ಲ.

“ನೀನು ಬಿಡಪ್ಪಾ, ನಾನು ಹೇಳ್ತೀನಿ” ಎಂದು ರಾಣಿ ಅವನಿಗೆ ಹೇಳಿ ಮೈಕಿನ ಕಡೆ ತಿರುಗಿದಳು. ತಮಿಳಿನಲ್ಲಿ ಹೇಳಿದಳು. “ಕ್ಯಾಪ್ಟನ್ ಹೇಳ್ತಾರೆ, ಅವರ ಮಾನ ಹೋಗುತ್ತಂತೆ. ಒಂದು ದಿನ ಅಂಗಿ ಮೇಲೆ ತಟ್ಟಿದ್ದಕ್ಕೆ. ನಮ್ಮದು ದಿನಾ ಸಂಗು ಊದಿದ ಮೇಲೆ ಹೋಗುತ್ತೆ, ಆ ತಗಡಿನ ಶೆಡ್ಡಲ್ಲಿ. ಬಟ್ಟೆಯೊಳಗೆ ಕೈ ಹಾಕ್ತಾರೆ.”

ನಗು ನಿಂತಿತು. ನಾಟಕವೂ ಅಲ್ಲಿಗೇ ನಿಂತಿತು. ಯಾರೋ ಪರದೆ ಎಳೆದರು. ಕಾಲಿಗೆ ಬೀಳುವುದು ಬಾಕಿ ಉಳಿಯಿತು, ಸೀರೆಯೂ ಬರಲಿಲ್ಲ.

ಮರುದಿನ ಮಂಗಳವಾರ. ಕೆಲಸ ಹೋಯಿತೆಂದೇ ರಾಜಾಮಣಿ ಮಿಲ್ಲಿಗೆ ಬಂದಳು. ಮುತ್ತುಸಾಮಿ ರಾತ್ರಿ ಒಂದೇ ಮಾತು ಹೇಳಿದ್ದ, “ಹೋದ್ರೆ ಹೋಗ್ಲಿ, ರಾಣಿ ಆಗಿದ್ದೆಯಲ್ಲ.” ಆದರೆ ಯಾರೂ ತಡೆಯಲಿಲ್ಲ. ಮುದಲಾಳಿ ಸಂಜೆ ಬಂದು ವಿಚಾರಿಸುತ್ತಾರೆ ಎಂದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಮಿಳಿನ ಹೆಂಗಸರು, ತೆಲುಗಿನ ಹೆಂಗಸರು ಅವಳ ಸುತ್ತ ಬಂದು ಕೂತರು. ಕೈ ಎತ್ತುವುದಿಲ್ಲ ಎಂದು ನಿಮ್ಮ ಸೆವ್ವಾಯ್ ಭಾಷೆಯಲ್ಲಿ ಹೇಗೆ ಹೇಳುವುದು ಎಂದು ಕೇಳಿದರು. ಚಂದ್ರಾ ಕಲಿಸಿದಳು. ಅಂದು ಅವಳು ಊಟ ಮಾಡಿದಳು.

ಸಂಗು ಊದಿತು. ರೀಲಿಂಗ್ ಹೆಂಗಸರು ಎಡಗಡೆಗೆ ತಿರುಗಲಿಲ್ಲ. ನೆಟ್ಟಗೆ ಗೇಟಿಗೆ ಬಂದು ನಿಂತರು. ಒಬ್ಬೊಬ್ಬರ ಬಾಯೂ ಎಲೆಯಡಿಕೆಯಿಂದ ಕೆಂಪಗಿತ್ತು. ಕಾವಲುಗಾರ ಕೋಲು ಅಡ್ಡ ಇಟ್ಟ. ಕಾಮಾಕ್ಷಿಯಮ್ಮ ಹೊರಗೆ ಬಂದು “ಕೈ ತೂಕ್ಕು” ಎಂದಳು, ಅಭ್ಯಾಸಬಲದಿಂದ.

“ಎತ್ತಲ್ಲ” ಎಂದಳು ರಾಜಾಮಣಿ.

“ಎತ್ತಲ್ಲ” ಎಂದರು ಎಲ್ಲರೂ. ತಮಿಳಿನ ಬಾಯಲ್ಲಿ ಅದು ಒಂದು ಥರ ಬಂತು, ತೆಲುಗಿನ ಬಾಯಲ್ಲಿ ಇನ್ನೊಂದು ಥರ. ಮತ್ತೆ ಮತ್ತೆ ಹೇಳಿದರು. ತಾಯಂದಿರು ಮಕ್ಕಳಿಗೆ ಮಾತು ಕಲಿಸುವಾಗ ಹೇಳುತ್ತಾರಲ್ಲ, ಹಾಗೆ.

ವ್ಯಾಸರಾಯರು ಓಡಿಬಂದರು. ಗಡ್ಡ ಕಿತ್ತ ಕಡೆ ಕೆನ್ನೆ ಇನ್ನೂ ಕೆಂಪಗಿತ್ತು. “ಸೋದನೆ ಮಾಡಮ್ಮಾ” ಎಂದರು ಕಾಮಾಕ್ಷಿಯಮ್ಮನಿಗೆ.

“ಕೈಯೇ ಎತ್ತದಿದ್ರೆ ನಾನು ಏನನ್ನ ತಡವಲಿ ಸಾರ್” ಎಂದು ಅವಳು ಶೆಡ್ಡಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳಿಗೂ ಕಾಲುನೋವಿತ್ತು.

ಅಷ್ಟರಲ್ಲಿ ಮುದಲಾಳಿಯ ಕಾರು ಬಂತು. ಅವರು ಇಳಿದು ಗದ್ದಲ ಕೇಳಿದರು. “ಏನು ಹೇಳ್ತಿದ್ದಾರೆ ಇವರು? ಯಾವ ಭಾಷೆ ಇದು?”

ಸೋಮಸುಂದರಂ ಪಕ್ಕದಲ್ಲೇ ಇದ್ದ. “ಸೆವ್ವಾಯ್ ಭಾಷೆ ಮುದಲಾಳಿ” ಎಂದ ವಿನಯದಿಂದ. “ಆಫೀಸರ್ ಸಾರಿಗೆ ಬರುತ್ತೆ.”

ಮುದಲಾಳಿ ವ್ಯಾಸರಾಯರ ಕಡೆ ತಿರುಗಿದರು. ವ್ಯಾಸರಾಯರು ನೆಲ ನೋಡಿದರು. ಈ ಸಲ ನಕ್ಕು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

“ಹೇಳಿ ಸಾರ್” ಎಂದಳು ರಾಜಾಮಣಿ, ಕನ್ನಡದಲ್ಲಿ, ಮೆತ್ತಗೆ. “ನಿಮ್ಮ ಮನೆ ಮಾತು ತಾನೆ.”

“ಕೈ ಎತ್ತುವುದಿಲ್ಲವಂತೆ” ಎಂದರು ಅವರು ತಮಿಳಿನಲ್ಲಿ.

“ಯಾಕಂತೆ?”

ವ್ಯಾಸರಾಯರು ಶೆಡ್ಡಿನ ಗೋಣಿಪರದೆ ನೋಡಿದರು. ಅದರಾಚೆ ಗೋಡೆಗೆ ಒರಗಿದ್ದ ಕಾವಲುಗಾರನ ಕುರ್ಚಿ ನೋಡಿದರು. ಅಲ್ಲಿಂದ ಪರದೆಗೆ ಒಂದು ಕೋಲಿನ ದೂರ. ಆಮೇಲೆ ಚಂದ್ರಾಳ ಮುಖ ನೋಡಿದರು, ಮೊದಲ ಸಲ.

“ಮಾನ ಹೋಗುತ್ತೆ” ಎಂದರು. ಈ ಸಲ ‘ಅಂತೆ’ ಇರಲಿಲ್ಲ.

ಮುದಲಾಳಿ ಒಂದೆರಡು ದಿನದಲ್ಲಿ ಯೋಚನೆ ಮಾಡೋಣ ಎಂದರು. ಯೋಚನೆ ಮಾಡಿ, ನಿಧಾನವಾಗಿ ಮಾಡಿ ಎಂದರು ಹೆಂಗಸರು, ನಾವು ಮನೆಗೆ ಹೋಗಬೇಕು, ಒಲೆ ಹಚ್ಚಬೇಕು. ರಾಜಾಮಣಿ ಕೋಲನ್ನು ಒಂದು ಬೆರಳಲ್ಲಿ ಪಕ್ಕಕ್ಕೆ ಸರಿಸಿದಳು. ಕಾವಲುಗಾರ ಮುದಲಾಳಿಯ ಮುಖ ನೋಡಿದ, ಮುದಲಾಳಿ ಕಾರಿನ ಮುಖ ನೋಡಿದರು. ಹೆಂಗಸರು ದಾಟಿದರು, ಕೈ ಕೆಳಗೇ ಇತ್ತು, ತುರುಬು ತಲೆಯ ಮೇಲೇ ಇತ್ತು.

ದಾಟಿದ ಮೇಲೆ ರಾಜಾಮಣಿ ನಿಂತು, ಬಾಯಿ ತುಂಬ ಇದ್ದ ಎಲೆಯಡಿಕೆಯನ್ನು ಗೇಟಿನ ಕಂಬದ ಬುಡಕ್ಕೆ ಉಗಿದಳು. ಕೆಂಪಗೆ ಹರಡಿತು.

“ಏಯ್, ಮಿಲ್ಲಿನಲ್ಲಿ ಉಗುಳಬಾರದು” ಎಂದ ಕಾವಲುಗಾರ.

“ನಾನು ಹೊರಗಿದ್ದೀನಿ ನೋಡಪ್ಪಾ” ಎಂದಳು ಅವಳು.